ಅಕ್ಕನ ಮಗಳ ಮದುವೆಗೆ ‘ನಾನೇ ಫೋಟೋ ತೆಗೆಯುತ್ತೇನೆ’ ಎಂದವನ ಪಾಡು

(ಆನ್‌ಲೈನ್ ಚರ್ಚೆಯೊಂದರಿಂದ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಮಳೆಗಾಲದವನು

ನಾಲ್ಕು ವರ್ಷಗಳಿಂದ ಹಕ್ಕಿ, ಹೂವು, ಆಗುಂಬೆಯ ಮಂಜು ಎಂದು ಕ್ಯಾಮೆರಾ ನೇತುಹಾಕಿಕೊಂಡು ಅಲೆದವನು ನಾನು. ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆ ನಡೆಯಿತು. ತೀರ್ಥಹಳ್ಳಿಯ ಹತ್ತಿರ ಭಾವನ ಮನೆಯ ಅಂಗಳದಲ್ಲೇ ಚಪ್ಪರ. ಭಾವ ಪೇಟೆಗೆ ಹೋಗಿ ಸ್ಟುಡಿಯೋದ ದರ ಕೇಳಿಕೊಂಡು ಬಂದು ಸಪ್ಪೆ ಮುಖ ಮಾಡಿಕೊಂಡು ಊಟಕ್ಕೆ ಕುಳಿತಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಬಾಯಿಂದ ಮಾತು ಹೊರಬಿತ್ತು: “ಅದಕ್ಕೇಕೆ ಅಷ್ಟು ದುಡ್ಡು ಸುರಿಯುತ್ತೀರಿ ಭಾವ? ನಾನಿಲ್ಲವೇ?”

ಈಗ ಫೋಟೋ ನೋಡಿದವರೆಲ್ಲ ಅದೇ ಮಾತನ್ನು ತಿರುಗಿಸಿ ಹೇಳುತ್ತಿದ್ದಾರೆ. ಒಂದರಲ್ಲೂ ನೀನಿಲ್ಲವಲ್ಲ!

ಮೊದಲು ಬೆಳಕಿನ ಕಥೆ. ಮೇ ತಿಂಗಳೆಂದರೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಮಳೆ ಬೀಳಬಹುದು. ಆದ್ದರಿಂದ ಅಡಿಕೆ ಮರದ ಕಂಬ ನೆಟ್ಟು, ಮೇಲೆ ನೀಲಿ ಟಾರ್ಪಾಲು ಬಿಗಿದಿದ್ದರು. ಹಿಂದಿನ ಸಂಜೆ ನಾನು ಅಲ್ಲಿ ನಿಂತು ಹತ್ತಾರು ಫೋಟೋ ತೆಗೆದು ನೋಡಿದ್ದೆ, ಎಲ್ಲವೂ ಸರಿಯಾಗಿಯೇ ಬಂದಿದ್ದವು. ಸಂಜೆಗೆ ಸೂರ್ಯ ನೆತ್ತಿಯ ಮೇಲೆ ಇರುವುದಿಲ್ಲ ಎಂಬುದು ಹೊಳೆಯಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಬಿಸಿಲು ಟಾರ್ಪಾಲಿನ ಮೂಲಕ ಇಳಿಯತೊಡಗಿತು. ಮದುಮಗಳು, ಮದುಮಗ, ಭಟ್ಟರು, ಅಕ್ಕಿಯ ರಾಶಿ ಎಲ್ಲವೂ ನೀಲಿ. ದಿಬ್ಬಣದ ಸಮೇತ ಎಲ್ಲರೂ ನಾಟಕದ ಕೃಷ್ಣನ ಬಣ್ಣ ಬಳಿದುಕೊಂಡು ರಂಗಕ್ಕೆ ಬಂದಂತೆ ಕಾಣುತ್ತಿದ್ದರು. ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಉಳಿಸಿದ ಕಡತ) ಇದ್ದುದರಿಂದ ಆಮೇಲೆ ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಬಣ್ಣದ ಹೊಂದಾಣಿಕೆ, ತಿದ್ದಿದೆ. ಆದರೆ ಒಂದು ಕೆನ್ನೆಗೆ ಟಾರ್ಪಾಲಿನ ನೀಲಿ, ಇನ್ನೊಂದು ಕೆನ್ನೆಗೆ ಹೋಮದ ಬೆಂಕಿಯ ಹಳದಿ ಬಿದ್ದಾಗ ಏನು ತಿದ್ದುವುದು? ನೀಲಿ ತೆಗೆದರೆ ಬೆಂಕಿಯ ಕಡೆ ಕಿತ್ತಳೆಯಾಗುತ್ತದೆ. ಬೇಸತ್ತು ಕೆಲವನ್ನು ಕಪ್ಪು-ಬಿಳುಪು ಮಾಡಿ ಅಕ್ಕನಿಗೆ ತೋರಿಸಿದೆ. “ಮದುವೆಯ ಫೋಟೋ ಕಪ್ಪು-ಬಿಳುಪೇ? ತಿಥಿಯ ಮನೆಯ ಹಾಗೆ ಕಾಣುತ್ತದೆ, ತೆಗೆದುಹಾಕು” ಎಂದಳು.

ಎರಡನೆಯದು ಇನ್ನೂ ದೊಡ್ಡ ಎಡವಟ್ಟು. ನಾನು ಮದುಮಗಳ ಸೋದರಮಾವ. ಮನೆಯೊಳಗಿನಿಂದ ಅವಳನ್ನು ಮಂಟಪಕ್ಕೆ ಕರೆತರಬೇಕಾದವನು ನಾನು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ‘ಐದು ನಿಮಿಷದ ಕೆಲಸ, ಕ್ಯಾಮೆರಾವನ್ನು ಯಾರ ಕೈಗಾದರೂ ಕೊಟ್ಟರಾಯಿತು’ ಎಂದುಕೊಂಡಿದ್ದೆ. ಆ ಐದು ನಿಮಿಷದಲ್ಲೇ ಅಂತರಪಟ ಸರಿಯುತ್ತದೆ, ಮಾಲೆ ಬೀಳುತ್ತದೆ! ಭಾವನ ತಮ್ಮನ ಮಗ ಒಂಬತ್ತನೇ ತರಗತಿಯವನು. ಅವನ ಕೊರಳಿಗೆ ಕ್ಯಾಮೆರಾ ಹಾಕಿ ಆಟೋ ಮೋಡಿನಲ್ಲಿ (ಎಲ್ಲ ಲೆಕ್ಕವನ್ನೂ ಕ್ಯಾಮೆರಾವೇ ಮಾಡಿಕೊಳ್ಳುವ ಹಾಗೆ) ಇಟ್ಟುಕೊಟ್ಟೆ. ಅಂತರಪಟದ ಬಿಳಿ ಬಟ್ಟೆ ಫ್ರೇಮಿನ ತುಂಬ ಇತ್ತು. ಕ್ಯಾಮೆರಾದ ಫ್ಲ್ಯಾಶ್ ಆ ಬಿಳಿಯನ್ನು ಕಂಡು ತನ್ನ ಬೆಳಕನ್ನು ತಗ್ಗಿಸಿಕೊಂಡಿತು, ಬಟ್ಟೆಯ ಆಚೀಚೆ ಇದ್ದ ಮುಖಗಳೆಲ್ಲ ಕತ್ತಲೆಗೆ ಹೋದವು. ಹುಡುಗನ ತಪ್ಪು ಏನೂ ಇಲ್ಲ. ಅವನು ತೆಗೆದ 46 ಫೋಟೋಗಳಲ್ಲಿ ಒಂದರಲ್ಲಿ ಮದುಮಗಳ ಮೊಣಕೈ ಹಿಡಿದ ಒಂದು ಕೈ ಇದೆ. ಉಂಗುರ ನೋಡಿ ಅದು ನನ್ನದೆಂದು ಗುರುತಿಸಬೇಕು.

ಮೂರನೆಯದು ಮನೆಗೆ ಬಂದು ಒಂದು ವಾರವಾದ ಮೇಲೆ ಗೊತ್ತಾಯಿತು. ಬೀಗರ ಕಡೆಯಿಂದ ಮಾತು ಬಂತು. ಜಗಳವಲ್ಲ, ಸಣ್ಣ ಮಾತು: “ನಮ್ಮ ಕಡೆಯವರ ಫೋಟೋ ಇನ್ನೂ ಕಳಿಸಿಲ್ಲವೇನೋ?” ಎಲ್ಲವನ್ನೂ ಕಳಿಸಿಯಾಗಿತ್ತು. ಕುಳಿತು ಎಣಿಸಿದೆ. ಒಟ್ಟು 1,640 ಫೋಟೋಗಳಲ್ಲಿ ವರನ ಕಡೆಯವರು ಇರುವುದು 212ರಲ್ಲಿ, ಅದರಲ್ಲೂ ಅರ್ಧದಲ್ಲಿ ವರನೊಬ್ಬನೇ. ವರನ ಸೋದರತ್ತೆ ಒಂದೇ ಒಂದು ಫೋಟೋದಲ್ಲಿದ್ದಾರೆ, ಕಣ್ಣು ಮುಚ್ಚಿಕೊಂಡು. ನಮ್ಮ ಅಮ್ಮ 97ರಲ್ಲಿದ್ದಾರೆ. ಬೇಕೆಂದು ಮಾಡಿದ್ದಲ್ಲ. ನನ್ನ ಕಣ್ಣು ತಾನಾಗಿ ಪರಿಚಿತ ಮುಖಗಳ ಹಿಂದೆಯೇ ಹೋಗಿದೆ. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್‌ಗೆ ಯಾರೂ ಪರಿಚಯವಿರುವುದಿಲ್ಲ, ಆದ್ದರಿಂದ ಎಲ್ಲರೂ ಅವನಿಗೆ ಒಂದೇ. ನಾನು ಪುಕ್ಕಟೆ ಮಾಡಿದ ಉಪಕಾರಕ್ಕೆ ಭಾವ ಬೀಗರ ಮುಂದೆ ತಲೆ ತಗ್ಗಿಸಬೇಕಾಯಿತು.

ಇಲ್ಲಿ ಯಾರಾದರೂ ಇಂಥದ್ದನ್ನು ದಾಟಿ ಬಂದಿದ್ದೀರಾ? ಮನೆಯವನಾಗಿ ಹೋಗಿ ಫೋಟೋದವನಾಗಿಯೂ ಇರಲು ಸಾಧ್ಯವೇ? ನನಗಂತೂ ಸಾಧ್ಯವಿಲ್ಲ ಎನ್ನಿಸಿದೆ.

ಮೊಬೈಲ್ ಸಾಕು

ನೂರು ಜನ ಅತಿಥಿಗಳ ಕೈಯಲ್ಲಿ ನೂರು ಮೊಬೈಲ್ ಇರುತ್ತವೆ. ಎಲ್ಲರಿಂದಲೂ ಫೋಟೋ ತರಿಸಿಕೊಂಡರೆ ಯಾರ ಕಡೆಯವರೂ ತಪ್ಪಿಹೋಗುವುದಿಲ್ಲ. ಕ್ಯಾಮೆರಾ ಯಾಕೆ ಬೇಕಿತ್ತು?

ಕತ್ತಲೆಕೋಣೆ

ತಿಪಟೂರಿನ ಕಡೆಯ ಸಣ್ಣ ಊರೊಂದರಲ್ಲಿ ಮೂವತ್ತು ವರ್ಷಗಳಿಂದ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮಳೆಗಾಲದವರೇ, ಮೊದಲು ಒಂದು ಮಾತು ಬೈದುಬಿಡುತ್ತೇನೆ, ಆಮೇಲೆ ಉಳಿದದ್ದು. ನೀವು ‘ಅದಕ್ಕೇಕೆ ಅಷ್ಟು ದುಡ್ಡು’ ಎಂದಿರಲ್ಲ, ಆ ದುಡ್ಡಿನಲ್ಲಿ ಎರಡನೇ ಕ್ಯಾಮೆರಾ, ಎರಡನೇ ಆಳು, ಟಾರ್ಪಾಲು ಕಂಡ ಕೂಡಲೇ ‘ಒಳಗಡೆ ಬಿಳಿ ಬಟ್ಟೆ ಕಟ್ಟಿಸಿ ಸ್ವಾಮಿ’ ಎಂದು ಹೇಳುವ ಅನುಭವ ಎಲ್ಲವೂ ಸೇರಿರುತ್ತದೆ. ಬೈದದ್ದು ಮುಗಿಯಿತು.

ರೀಲಿನ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ಒಂದು ಮದುವೆಗೆ ನಾಲ್ಕೋ ಐದೋ ರೋಲು ಎಂದು ಮನೆಯ ಯಜಮಾನರು ಮೊದಲೇ ಹೇಳಿಬಿಡುತ್ತಿದ್ದರು. ಎಣಿಸಿ ಒತ್ತಬೇಕಿತ್ತು. ಎಣಿಸಬೇಕಾದಾಗ ಯಾರನ್ನು ತೆಗೆಯಬೇಕೆಂದು ಕೇಳಲೇಬೇಕಾಗುತ್ತದೆ. ನಾನು ಹಿಂದಿನ ರಾತ್ರಿಯೇ ಎರಡೂ ಕಡೆಯ ಹಿರಿಯ ಹೆಂಗಸೊಬ್ಬರನ್ನು ಹಿಡಿಯುತ್ತಿದ್ದೆ. ಗಂಡಸರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಅಡುಗೆಯವರ ಲೆಕ್ಕ, ಬಸ್ಸಿನ ಲೆಕ್ಕ. ಯಾರು ಯಾರಿಗೆ ಏನಾಗಬೇಕು, ಯಾರನ್ನು ಬಿಟ್ಟರೆ ಮುನಿಸಾಗುತ್ತದೆ ಎಂಬುದು ಹೆಂಗಸರಿಗೆ ಗೊತ್ತು. ವರನ ಕಡೆಯ ಒಬ್ಬ ಚುರುಕು ಹುಡುಗನನ್ನು ಇಡೀ ದಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ‘ಅಗೋ ನಮ್ಮ ದೊಡ್ಡಪ್ಪ ಬಂದರು’ ಎಂದು ಅವನು ಹೇಳಬೇಕು, ನಾನು ಒತ್ತಬೇಕು. ಈಗಲೂ ಹಾಗೆಯೇ ಮಾಡುತ್ತೇನೆ. ಹುಡುಗನಿಗೆ ಊಟಕ್ಕೆ ನನ್ನ ಪಕ್ಕದ ಎಲೆ.

‘ಮೊಬೈಲ್ ಸಾಕು’ ಅವರಿಗೆ: ನೂರು ಮೊಬೈಲ್ ಇರುತ್ತವೆ ನಿಜ. ಗಟ್ಟಿಮೇಳ ಎಂದ ಕೂಡಲೇ ಆ ನೂರೂ ಎದ್ದು ಮುಂದೆ ಬಂದು ನಿಲ್ಲುತ್ತವೆ. ಮಾಂಗಲ್ಯದ ಫೋಟೋದಲ್ಲಿ ಈಗ ಮಾಂಗಲ್ಯ ಹುಡುಕಬೇಕು, ಹನ್ನೆರಡು ಕೈ ಮತ್ತು ಹನ್ನೆರಡು ಮೊಬೈಲ್ ಮಾತ್ರ ಸಲೀಸಾಗಿ ಸಿಗುತ್ತವೆ.

ಧಾರವಾಡದ ಪೇಢೆ

‘ಮನೆಯವನಾಗಿಯೂ ಫೋಟೋದವನಾಗಿಯೂ ಇರಲು ಸಾಧ್ಯವೇ’ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮ್ಮದಕ್ಕೆ ಪೂರ್ತಿ ವಿರುದ್ಧ.

ನನಗೆ ಈಗ 38. ಮದುವೆಯಾಗಿಲ್ಲ. ಆರು ವರ್ಷಗಳ ಕಾಲ ನಾನು ಬಂಧುಗಳ ಯಾವ ಸಮಾರಂಭಕ್ಕೂ ಹೋಗಿರಲಿಲ್ಲ, ಹೋದರೆ ಕೋಸಂಬರಿ ಬಡಿಸುವ ಮೊದಲೇ ‘ನಿನ್ನದು ಯಾವಾಗ’ ಎನ್ನುತ್ತಾರೆ. ಒಮ್ಮೆ ತಂಗಿಯ ಸೀಮಂತಕ್ಕೆ ಕ್ಯಾಮೆರಾ ತೆಗೆದುಕೊಂಡು ಹೋದೆ. ಆ ದಿನ ಯಾರೂ ಕೇಳಲಿಲ್ಲ! ಕೈಯಲ್ಲಿ ಕ್ಯಾಮೆರಾ ಇರುವ ಹೆಂಗಸು ಕೆಲಸದಲ್ಲಿರುವ ಹೆಂಗಸು, ಅವಳನ್ನು ತಡೆದು ನಿಲ್ಲಿಸಿ ವಿಚಾರಿಸುವಂತಿಲ್ಲ. ಕೇಳಲು ಬಾಯಿ ತೆರೆದ ಅತ್ತೆಯೊಬ್ಬರ ಮುಖಕ್ಕೆ ಲೆನ್ಸ್ ಹಿಡಿದೆ, ಅವರು ಕೂಡಲೇ ಸೆರಗು ಸರಿಮಾಡಿಕೊಂಡು ನಕ್ಕರು. ಅಂದಿನಿಂದ ಎಲ್ಲ ಕಾರ್ಯಗಳಿಗೂ ಹೋಗುತ್ತೇನೆ. ನಿಮ್ಮನ್ನು ಕ್ಯಾಮೆರಾ ಮನೆಯಿಂದ ಹೊರಗಿಟ್ಟಿತು, ನನ್ನನ್ನು ಮನೆಯೊಳಗೆ ಕರೆತಂದಿತು.

ಇನ್ನೊಂದು. ಬಳೆ ತೊಡಿಸುವಾಗ, ಮದುಮಗಳಿಗೆ ಸೀರೆ ಉಡಿಸುವ ಕೋಣೆಯಲ್ಲಿ, ಸೀಮಂತದಲ್ಲಿ ಹೆಂಗಸರು ಮನಸ್ಸು ಬಿಚ್ಚಿ ಹಾಡುವಾಗ ಗಂಡಸು ಫೋಟೋಗ್ರಾಫರ್ ಬಾಗಿಲಲ್ಲಿ ನಿಂತರೆ ಹಾಡು ನಿಲ್ಲುತ್ತದೆ. ನಾನು ನೆಲದ ಮೇಲೆ ಅವರ ಜೊತೆಗೇ ಕುಳಿತಿರುತ್ತೇನೆ. ಆದರೆ ಅಲ್ಲಿ ತೆಗೆದದ್ದನ್ನೆಲ್ಲ ಹಂಚುವುದಿಲ್ಲ. ಆ ಕೋಣೆಯ ಫೋಟೋಗಳನ್ನು ಬೇರೆಯೇ ಇಟ್ಟು ಅವರಿಗೇ ತೋರಿಸಿ, ಅವರು ಹೂಂ ಎಂದದ್ದನ್ನು ಮಾತ್ರ ಕುಟುಂಬದ ಗುಂಪಿಗೆ ಹಾಕುತ್ತೇನೆ.

ಮತ್ತೂ ಒಂದು ಇದೆ. ‘ಮನೆಯವರೆಲ್ಲ ಬನ್ನಿ, ಗ್ರೂಪ್ ಫೋಟೋ’ ಎಂದು ಕೂಗಿದಾಗ ವೇದಿಕೆಯ ಕಡೆ ಬಾರದೆ ಕಂಬದ ಹತ್ತಿರವೇ ನಿಲ್ಲುವ ಒಬ್ಬ ದೊಡ್ಡಮ್ಮ ಎಲ್ಲರ ಮನೆಯಲ್ಲೂ ಇರುತ್ತಾರೆ. ಗಂಡ ತೀರಿಹೋಗಿರುತ್ತಾರೆ. ಯಾರೂ ಬೇಡ ಎಂದಿರುವುದಿಲ್ಲ, ಬನ್ನಿ ಎಂದೂ ಕರೆದಿರುವುದಿಲ್ಲ. ಹೊರಗಿನ ಫೋಟೋಗ್ರಾಫರ್‌ಗೆ ಇದು ತಿಳಿಯುವುದಿಲ್ಲ. ಮನೆಯವಳಾದ ನನಗೆ ತಿಳಿಯುತ್ತದೆ. ಹೋಗಿ ಕೈಹಿಡಿದು ಕರೆತರುತ್ತೇನೆ. ಕಳೆದ ಸಲ ಒಬ್ಬರು ಬರಲೇ ಇಲ್ಲ, ‘ಬೇಡವೇ, ಸುಮ್ಮನಿರು’ ಎಂದರು. ಆಗ ಇಡೀ ಗುಂಪನ್ನೇ ಕಂಬದ ಹತ್ತಿರ ತಂದು ನಿಲ್ಲಿಸಿದೆ. ‘ಅಲ್ಲಿ ಬೆಳಕು ಚೆನ್ನಾಗಿದೆ’ ಎಂದು ಸುಳ್ಳು ಹೇಳಿದೆ. ಬೆಳಕು ಹಾಳಾಗಿತ್ತು.

ಮಳೆಗಾಲದವನು

ಪೇಢೆಯವರೇ, ನಿಮ್ಮ ಕೊನೆಯ ಮಾತು ಓದಿ ನಮ್ಮ ಗ್ರೂಪ್ ಫೋಟೋ ತೆಗೆದು ನೋಡಿದೆ. ನಮ್ಮಲ್ಲೂ ಒಬ್ಬರು ಇಲ್ಲ. ಅಮ್ಮನ ತಂಗಿ. ನಾನು ಆ ಹೊತ್ತಿಗೆ 18-55 ಲೆನ್ಸ್ ಕಳಚಿ 50 ಹಾಕಿಕೊಂಡು, ಅದರಲ್ಲಿ ಎಲ್ಲರೂ ಹಿಡಿಯದೆ ಹಿಂದೆ ಸರಿಯುತ್ತ ಸರಿಯುತ್ತ ಕೊಟ್ಟಿಗೆಯ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನೋಡಲೇ ಇಲ್ಲ.

(ಹೊಸಬರಿಗೆ: ನಮ್ಮಂಥವರ ಬಳಿ ಇರುವ ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಫಲಕ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ದೊಡ್ಡ ಸೆನ್ಸರಿನಲ್ಲಿ 75 ಅಥವಾ 80 ಎಂಎಂ ಲೆನ್ಸ್ ಕೊಡುವಷ್ಟು ಹತ್ತಿರದ ನೋಟ ಕೊಡುತ್ತದೆ. ಒಂಟಿ ಮುಖಕ್ಕೆ ಸೊಗಸು. ಅಂಗಳದಲ್ಲಿ ನಲವತ್ತು ಜನರಿಗೆ ಅಲ್ಲ.)

ಎಡಿಸನ್‌ನಿಂದ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಗೆಳೆಯರ ಮಗುವಿನ ನಾಮಕರಣಕ್ಕೆ ನಾನು ಫೋಟೋದವನು. ಇಲ್ಲಿ ಬಂಧುಗಳು ಯಾರೂ ಇರುವುದಿಲ್ಲ, ಇರುವ ಗೆಳೆಯರೇ ಅಣ್ಣ, ಅತ್ತಿಗೆ, ಮಾವ. ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ಹೋಮಕ್ಕೆ ಸಭಾಂಗಣದವರು ಒಪ್ಪಿರಲಿಲ್ಲ, ಹಾಗಾಗಿ ನಿಮ್ಮ ನೀಲಿ-ಹಳದಿಯ ತೊಂದರೆ ನನಗೆ ಬರಲಿಲ್ಲ. ನನ್ನ ತಪ್ಪು ಬೇರೆ. ಚಳಿಗಾಲ, ಹೊರಗೆ ಹಿಮ. ಕಾರಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಇದ್ದ ಕ್ಯಾಮೆರಾವನ್ನು ಬೆಚ್ಚಗಿನ ಸಭಾಂಗಣಕ್ಕೆ ತಂದು ಚೀಲದಿಂದ ತೆಗೆದ ಕೂಡಲೇ ಗಾಜಿನ ಮೇಲೆಲ್ಲ ಹಬೆ ಕುಳಿತಿತು. ಒರೆಸಿದರೆ ಮತ್ತೆ ಬರುತ್ತದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಫೋಟೋ ಕನಸಿನ ದೃಶ್ಯದಂತೆ ಮಸುಕಾಗಿ ಬಂದಿದೆ. ಎಲ್ಲರೂ ‘ಎಂಥ ಕಲಾತ್ಮಕ’ ಎಂದರು, ನಾನು ತುಟಿ ಬಿಚ್ಚಲಿಲ್ಲ. ಕ್ಯಾಮೆರಾವನ್ನು ಚೀಲದಲ್ಲೇ ಮುಚ್ಚಿಟ್ಟು ಒಂದು ಗಂಟೆ ಒಳಗೆ ಬಿಟ್ಟಿದ್ದರೆ ಸಾಕಿತ್ತು. ಊರಿನಲ್ಲೂ ಎಸಿ ಕೋಣೆಯಿಂದ ಮಂಗಳೂರಿನ ಸೆಕೆಗೆ ಹೊರಬಂದರೆ ಇದೇ ಆಗುತ್ತದೆ.

ಬ್ಯಾಟರಿ ಖಾಲಿ

ನಮಸ್ಕಾರ. ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಬರುವ ಭಾನುವಾರ ಚಿಕ್ಕಪ್ಪನ ಗೃಹಪ್ರವೇಶ, ಮೈಸೂರಿನಲ್ಲಿ. ಇದನ್ನೆಲ್ಲ ಓದುವ ಮೊದಲೇ ‘ನಾನು ತೆಗೆಯುತ್ತೇನೆ’ ಎಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್ ಇದೆ, ಗೆಳೆಯನಿಂದ ತಂದ ಫ್ಲ್ಯಾಶ್ ಇದೆ, ಬ್ಯಾಟರಿ ಒಂದೇ. ಬೆಳಗಿನ ಜಾವ ಐದು ಗಂಟೆಗೆ ಹಸು ಒಳಗೆ ಬರುತ್ತದೆಯಂತೆ. ನಾನು ಏನು ಮಾಡಲಿ?

ಕತ್ತಲೆಕೋಣೆ

ಮೊದಲು ಇನ್ನೊಂದು ಬ್ಯಾಟರಿ ಕೊಂಡುಕೊಳ್ಳಿ. ಆಗದಿದ್ದರೆ ಸಾಲ ಮಾಡಿ. ಅದೂ ಆಗದಿದ್ದರೆ ಪೂಜೆಯ ನಡುವೆ ಭಟ್ಟರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲೆಲ್ಲ ಚಾರ್ಜಿಗೆ ಹಾಕಿ. ಫೋಟೋ ತೆಗೆದ ಮೇಲೆ ಪ್ರತಿ ಸಲವೂ ಪರದೆಯಲ್ಲಿ ನೋಡುವ ಚಟ ಬಿಡಿ, ಬ್ಯಾಟರಿ ತಿನ್ನುವುದು ಅದೇ.

ಗೃಹಪ್ರವೇಶ ಹೊಸಬರಿಗೆ ಒಳ್ಳೆಯ ಪಾಠಶಾಲೆ, ಯಾಕೆಂದರೆ ಚಾವಣಿ ಹೊಸದಾಗಿ ಬಿಳಿ ಬಣ್ಣ ಬಳಿದುಕೊಂಡು ನಿಂತಿರುತ್ತದೆ. ಫ್ಲ್ಯಾಶಿನ ತಲೆಯನ್ನು ಜನರ ಮುಖಕ್ಕೆ ಹಿಡಿಯಬೇಡಿ, ಚಾವಣಿಗೆ ತಿರುಗಿಸಿ. ಬೆಳಕು ಅಲ್ಲಿಗೆ ಬಡಿದು ಹರಡಿ ಕೆಳಗಿಳಿಯುತ್ತದೆ, ಮುಖದ ಮೇಲೆ ಎಣ್ಣೆ ಹಚ್ಚಿದ ಹೊಳಪು ಇರುವುದಿಲ್ಲ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳೂ ಬೀಳುವುದಿಲ್ಲ. ಆದರೆ ಗೋಡೆಗೆ ಗಿಳಿಹಸಿರು ಬಳಿದಿದ್ದರೆ ಆ ಕಡೆ ಮಾತ್ರ ತಿರುಗಿಸಬೇಡಿ. ಎಲ್ಲರಿಗೂ ಕಾಮಾಲೆ ಬಂದಂತೆ ಕಾಣುತ್ತದೆ.

ಫ್ಲ್ಯಾಶ್ ಇಲ್ಲದೆ ತೆಗೆಯುವಾಗ ಟ್ಯೂಬ್‌ಲೈಟು, ಎಲ್‌ಇಡಿ, ಸೀರಿಯಲ್ ಸೆಟ್ಟಿನ ಬಗ್ಗೆ ಎಚ್ಚರ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಆ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ (ಬೆಳಕನ್ನು ಒಳಬಿಡುವ ಬಾಗಿಲು) ತುಂಬ ವೇಗದಲ್ಲಿದ್ದರೆ ಫೋಟೋದಲ್ಲಿ ಕಪ್ಪು ಪಟ್ಟಿಗಳು ಬರಬಹುದು. 1/100 ಅಥವಾ 1/50 ಸೆಕೆಂಡಿನಲ್ಲಿ ಇಟ್ಟರೆ ಬಹುಪಾಲು ನಿಲ್ಲುತ್ತದೆ, ಕೆಲವು ಅಗ್ಗದ ಎಲ್‌ಇಡಿಗಳು ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಲು ಹೆದರಬೇಡಿ. ಕಾಳು ಕಾಳಾಗಿ ಕಾಣುವ ಫೋಟೋವನ್ನು ಯಾವ ಅಜ್ಜಿಯೂ ಬೇಡ ಎಂದದ್ದು ನಾನು ಕಂಡಿಲ್ಲ. ಅಲುಗಾಡಿದ ಫೋಟೋವನ್ನು ಎಲ್ಲರೂ ಬೇಡ ಎನ್ನುತ್ತಾರೆ.

ಬಾಳೆಕಂಬ

ನಾನು ಚಪ್ಪರ, ಶಾಮಿಯಾನ, ಹೂವಿನ ಅಲಂಕಾರದ ಕೆಲಸದವನು. ಬ್ಯಾಟರಿ ಖಾಲಿಯವರೇ, ಹಸುವಿನ ವಿಷಯ ನಾನು ಹೇಳುತ್ತೇನೆ. ಹೊಸ ಮನೆಯ ಗ್ರಾನೈಟು, ಟೈಲ್ಸು ಹಸುವಿನ ಗೊರಸಿಗೆ ಜಾರುತ್ತದೆ. ಮೊದಲೇ ಗೋಣಿಚೀಲ ಹಾಸಿಸಿ. ಫ್ಲ್ಯಾಶ್ ಹೊಡೆಯಲೇಬೇಡಿ. ಒಮ್ಮೆ ಒಂದು ಮನೆಯಲ್ಲಿ ಕಣ್ಣಿಗೆ ಫ್ಲ್ಯಾಶ್ ಬಿದ್ದು ಹಸು ತಿರುಗಿ ಹೊರಟಿತು, ಬಾಗಿಲಲ್ಲಿ ನಾನು ಕಟ್ಟಿದ್ದ ತೋರಣ, ಎರಡು ಬಾಳೆಕಂಬ ಎಲ್ಲವೂ ಅದರ ಕೊರಳಿಗೆ ಸುತ್ತಿಕೊಂಡು ಬೀದಿಗೆ ಹೋದವು. ಮುಹೂರ್ತಕ್ಕೆ ಹತ್ತು ನಿಮಿಷ. ಹೊರಗಿನಿಂದ ಹಸುವಿನ ಹಿಂದೆ ಬರಬೇಡಿ, ನೀವು ಮೊದಲೇ ಒಳಗಿದ್ದು ಪಕ್ಕದ ಗೋಡೆಗೆ ಒರಗಿ ನಿಂತಿರಿ.

ಮಳೆಗಾಲದವರೇ, ಟಾರ್ಪಾಲಿಗೆ ಬೈಯಬೇಡಿ, ಮಳೆ ತಡೆಯುವುದು ಅದೇ. ಒಳಗಡೆ ಬಿಳಿ ಬಟ್ಟೆ ಕಟ್ಟಿದರೆ ನೀಲಿ ಎಷ್ಟೋ ಪಾಲು ತಗ್ಗುತ್ತದೆ. ಬಿಳಿಯ ಟಾರ್ಪಾಲೇ ಸಿಕ್ಕರೆ ಇನ್ನೂ ಸರಿ. ಕೆಂಪು-ಹಳದಿ ಪಟ್ಟೆಯ ಶಾಮಿಯಾನದಲ್ಲಿ ಇನ್ನೂ ಮಜಾ: ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಲ್ಲಿ ಒಬ್ಬ ಕೆಂಪು, ಒಬ್ಬ ಹಳದಿ. ಆದರೆ ಚಪ್ಪರ ಹಾಕುವ ನಮ್ಮನ್ನು ಫೋಟೋದವರು ಒಂದು ಮಾತೂ ಕೇಳುವುದಿಲ್ಲ. ಬಂದು ನಿಂತ ಮೇಲೆ ಗೊಣಗುತ್ತಾರೆ.

ಧಾರವಾಡದ ಪೇಢೆ

ಹಾಲುಕ್ಕುವ ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ಗೃಹಪ್ರವೇಶದಲ್ಲಿ ಮುಖ್ಯ ಅದೇ. ಪಾತ್ರೆಯ ಮೇಲೆ ಬಾಗಿದರೆ ಹಬೆ ಲೆನ್ಸಿಗೆ ಬರುತ್ತದೆ. ಒಲೆಯ ಮಟ್ಟಕ್ಕೆ ಮಂಡಿಯೂರಿ ಕುಳಿತು ಪಾತ್ರೆಯ ಕಂಠಕ್ಕೆ ಫೋಕಸ್ ಮಾಡಿ, ಅದು ಮತ್ತೆ ಬದಲಾಗದಂತೆ ಬೀಗ ಹಾಕಿದ ಹಾಗೆ ಬಿಡು. ಆಮೇಲೆ ಹಾಲನ್ನು ನೋಡಬೇಡ, ಚಿಕ್ಕಮ್ಮನ ಮುಖ ನೋಡು. ಹಾಲು ಏಳುವುದು ಅವರಿಗೆ ನಿನಗಿಂತ ಮೊದಲು ಗೊತ್ತಾಗುತ್ತದೆ. ಮುಖ ಬದಲಾದ ಕ್ಷಣ ಒತ್ತು, ಬಿಡದೆ ಒತ್ತು.

ಒಪ್ಪಿಕೊಂಡಿದ್ದೀಯ, ಸರಿ. ಆದರೆ ಇವತ್ತೇ ಚಿಕ್ಕಪ್ಪನಿಗೆ ಫೋನ್ ಮಾಡಿ ಯಾವುದನ್ನು ಮಾಡುವುದಿಲ್ಲ ಎಂದು ಹೇಳಿಬಿಡು. ವಿಡಿಯೋ ಇಲ್ಲ, ಅವತ್ತೇ ಸಂಜೆ ಎಲ್ಲ ಫೋಟೋ ಕಳಿಸುವುದಿಲ್ಲ, ಊಟಕ್ಕೆ ಕುಳಿತಾಗ ಕ್ಯಾಮೆರಾ ಕೆಳಗೆ. ಊಟ ಮಾಡುವವರ ಫೋಟೋ ಅಂತೂ ತೆಗೆಯಲೇಬೇಡ. ಬಾಯಿ ತೆರೆದು ಹೋಳಿಗೆ ಇಡುವಾಗ ಯಾರೂ ಚೆಂದ ಕಾಣುವುದಿಲ್ಲ.

ಮೊಬೈಲ್ ಸಾಕು

ಎಲ್ಲ ಸರಿ. ತೆಗೆದ ಮೇಲೆ ಕಳಿಸುವುದು ಹೇಗೆ? ನಮ್ಮ ಮನೆಯಲ್ಲಿ ದುಬಾರಿ ಫೋಟೋಗ್ರಾಫರ್ ತೆಗೆದದ್ದನ್ನೂ ಕೊನೆಗೆ ವಾಟ್ಸ್ಆ್ಯಪ್‌ನಲ್ಲೇ ನೋಡಿದ್ದು.

ಎಡಿಸನ್‌ನಿಂದ

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಮೂಲ ಫೈಲ್ ಹಾಗೆಯೇ ಹೋಗುತ್ತದೆ. ಇಷ್ಟು ಗೊತ್ತಿಲ್ಲದೆ ಒಬ್ಬರು ವಾಟ್ಸ್ಆ್ಯಪ್‌ನಿಂದ ಇಳಿಸಿದ ಫೋಟೋವನ್ನು ಗೋಡೆಯ ಅಗಲಕ್ಕೆ ಪ್ರಿಂಟ್ ಹಾಕಿಸಿದ್ದನ್ನು ನೋಡಿದ್ದೇನೆ. ಆರು ಅಡಿ ದೂರದಿಂದ ನೋಡಬೇಕು.

ಅಂದಹಾಗೆ, ಒಡವೆ ಹಾಕಿಕೊಂಡ ಫೋಟೋಗಳನ್ನು ಮದುವೆಯ ಮನೆಯಲ್ಲಿ ಎಲ್ಲರೂ ಇನ್ನೂ ಛತ್ರದಲ್ಲಿರುವಾಗಲೇ ಸ್ಟೇಟಸ್‌ಗೆ ಹಾಕುವುದು ಯಾವ ಬುದ್ಧಿವಂತಿಕೆಯೋ. ಮನೆಗೆ ಬೀಗ ಹಾಕಿದೆ, ಒಡವೆ ಇಷ್ಟಿದೆ ಎಂದು ಡಂಗುರ ಸಾರಿದ ಹಾಗೆ.

ಕತ್ತಲೆಕೋಣೆ

ಮಳೆಗಾಲದವರೇ, 1,640 ಫೋಟೋ ಕೊಟ್ಟೆ ಎಂದಿರಲ್ಲ, ಅದನ್ನು ಅಲ್ಲೇ ಬಿಟ್ಟಿದ್ದೆ, ಈಗ ಹೇಳುತ್ತೇನೆ. ಅಷ್ಟು ಕೊಟ್ಟರೆ ಒಂದೂ ಕೊಡದ ಹಾಗೆ. ಯಾರು ಕುಳಿತು ನೋಡುತ್ತಾರೆ? ಒಂದೇ ನಗುವಿನ ಹದಿನಾಲ್ಕು ಫೋಟೋ, ಅದರಲ್ಲಿ ಹದಿಮೂರರಲ್ಲಿ ಯಾರದೋ ಕಣ್ಣು ಅರೆಮುಚ್ಚಿದೆ. ಆರಿಸುವ ಕೆಲಸ ನಿಮ್ಮದು, ಅದನ್ನು ಬಂಧುಗಳ ತಲೆಗೆ ಕಟ್ಟಬಾರದು. ನೂರೈವತ್ತಕ್ಕೆ ಇಳಿಸಿ. ವರನ ಕಡೆಯ 212ರಲ್ಲಿ ಒಳ್ಳೆಯದೆಲ್ಲವನ್ನೂ ಹೆಕ್ಕಿ, ನಿಮ್ಮ ಕಡೆಯದನ್ನು ಅದೇ ಲೆಕ್ಕಕ್ಕೆ ತನ್ನಿ. ಎಪ್ಪತ್ತೈದು ಇವರದು, ಎಪ್ಪತ್ತೈದು ಅವರದು. ಆಗ ಬೀಗರಿಗೆ ಕೊರತೆ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಆದ ಪಕ್ಷಪಾತವನ್ನು ಆರಿಸುವಾಗ ಸರಿದೂಗಿಸಬಹುದು. ಈ ಗುಟ್ಟನ್ನು ನಾನು ಯಾರಿಗೂ ಹೇಳುವುದಿಲ್ಲ, ನಿಮಗೆ ಹೇಳಿದೆ.

ವರನ ಕಡೆಯವರ ಮೊಬೈಲುಗಳಿಂದಲೂ ಒಂದಿಷ್ಟು ತರಿಸಿಕೊಳ್ಳಿ. ಇಲ್ಲಿ ‘ಮೊಬೈಲ್ ಸಾಕು’ ಅವರ ಮಾತು ಒಪ್ಪುತ್ತೇನೆ. ಆದರೆ ಪ್ರಿಂಟಿಗೆ ಮೊದಲು ಆಕಾರ ನೋಡಿಕೊಳ್ಳಿ. ನಿಮ್ಮ ಕ್ಯಾಮೆರಾದ ಫೋಟೋದ ಅಗಲ-ಎತ್ತರ 3:2, ಅದು 4×6 ಇಂಚಿನ ಕಾಗದಕ್ಕೆ ಸರಿಯಾಗಿ ಕೂರುತ್ತದೆ. ಮೊಬೈಲಿನದು ಸಾಮಾನ್ಯವಾಗಿ 4:3, ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಪೇಟ, ಬಾಸಿಂಗದ ತುದಿ ಹೋದರೆ ಮತ್ತೆ ನಿಮ್ಮ ಮೇಲೆಯೇ ಬರುತ್ತದೆ.

ಬ್ಯಾಟರಿ ಖಾಲಿ

ಎಲ್ಲರಿಗೂ ನಮಸ್ಕಾರ, ಗೃಹಪ್ರವೇಶ ಮುಗಿಯಿತು. ವರದಿ ಒಪ್ಪಿಸುತ್ತಿದ್ದೇನೆ.

ಬ್ಯಾಟರಿ ಎರಡನೆಯದನ್ನು ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರು ಕೊಟ್ಟರು. ಗೋಣಿಚೀಲ ಹಾಸಲು ನಾನು ಹೇಳಿದಾಗ ಚಿಕ್ಕಪ್ಪ ‘ಹೊಸ ಟೈಲ್ಸ್ ಮೇಲೆ ಗೋಣಿಯೇ’ ಎಂದು ಮುಖ ಸಿಂಡರಿಸಿದರು, ಹಸು ತಂದವರು ಮಾತ್ರ ‘ಹುಡುಗನಿಗೆ ಗೊತ್ತಿದೆ’ ಎಂದರು. ಅಂದಿನ ನನ್ನ ದೊಡ್ಡ ಗೆಲುವು ಅದೇ. ಹಸು ನಡುಮನೆಗೆ ಬಂದು ನಿಂತು ಸಗಣಿ ಹಾಕಿತು. ಎಲ್ಲರೂ ‘ಶುಭ, ಶುಭ’ ಎಂದು ಒಂದೇ ಸಮನೆ ನಕ್ಕರು. ಆ ನಗುವಿನ ಫೋಟೋ ಸಿಕ್ಕಿದೆ, ಎಲ್ಲರ ಮುಖವೂ ಸ್ಪಷ್ಟ, ಸಗಣಿಯೂ ಸ್ಪಷ್ಟ. ಚಿಕ್ಕಮ್ಮ ಅದನ್ನೇ ಚೌಕಟ್ಟು ಹಾಕಿಸಬೇಕು ಎನ್ನುತ್ತಿದ್ದಾರೆ, ಚಿಕ್ಕಪ್ಪ ಬೇಡ ಎನ್ನುತ್ತಿದ್ದಾರೆ.

ಚಾವಣಿಯ ಉಪಾಯ ಎರಡು ಕೋಣೆಗಳಲ್ಲಿ ಚೆನ್ನಾಗಿ ನಡೆಯಿತು. ಹಾಲ್‌ನಲ್ಲಿ ಚಾವಣಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿಸಿ ಅಂಚಿನಲ್ಲೆಲ್ಲ ನೇರಳೆ ದೀಪ ಹಾಕಿದ್ದರು, ಅಲ್ಲಿ ಏನೂ ನಡೆಯಲಿಲ್ಲ. ದೀಪ ಆರಿಸಿ ಎಂದು ಕೇಳುವ ಧೈರ್ಯ ಬರಲಿಲ್ಲ. ಹಾಲುಕ್ಕಿದ್ದು ಸಿಕ್ಕಿತು. ಪೇಢೆ ಅಕ್ಕ, ನೀವು ಹೇಳಿದಂತೆ ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದೆ, ಹುಬ್ಬು ಮೇಲೆದ್ದ ಕ್ಷಣ ಒತ್ತಿದೆ.

ಊಟಕ್ಕೆ ಕ್ಯಾಮೆರಾ ಕೆಳಗಿಟ್ಟೆ. ಆಗಲೇ ಅಜ್ಜ ನಿದ್ದೆ ಮಾಡುತ್ತಿದ್ದ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಊಟ ಮಾಡಿದರು. ಕೈ ತುರಿಸುತ್ತಿತ್ತು. ಎದ್ದು ಹೋಗಲಿಲ್ಲ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಧಾರವಾಡದ ಪೇಢೆ

ಅಡ್ಡಿಯಿಲ್ಲ. ಸಗಣಿಯ ಫೋಟೋಗೆ ನನ್ನ ಮತ ಚಿಕ್ಕಮ್ಮನ ಕಡೆ.

ಮಳೆಗಾಲದವನು

ಕತ್ತಲೆಕೋಣೆಯವರು ಹೇಳಿದಂತೆ 150ಕ್ಕೆ ಇಳಿಸಿದೆ. ಅಮ್ಮನ 97ರಲ್ಲಿ 91 ಹೋದವು, ಅದಕ್ಕೇ ಎರಡು ರಾತ್ರಿ ಬೇಕಾಯಿತು. ವರನ ತಂಗಿಗೆ ಫೋನ್ ಮಾಡಿ ಅವರ ಕಡೆಯವರ ಮೊಬೈಲಿನಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿಕೊಂಡೆ. ಅದರಲ್ಲಿ ಸೋದರತ್ತೆ ಕಣ್ಣು ಬಿಟ್ಟುಕೊಂಡು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ನಗುತ್ತಿರುವುದು ಸಿಕ್ಕಿತು. ಅದೇ ಕಂತೆಯಲ್ಲಿ ಇನ್ನೊಂದು: ವರನ ಕಡೆಯ ಯಾರೋ ಪಕ್ಕದಿಂದ ತೆಗೆದದ್ದು. ನಾನು ಮದುಮಗಳನ್ನು ಕರೆತರುತ್ತಿದ್ದೇನೆ. ಪಂಚೆ ಉಟ್ಟಿದ್ದೇನೆ, ಕಣ್ಣು ಮಾತ್ರ ಅವಳ ಮೇಲೂ ಇಲ್ಲ, ಮಂಟಪದ ಮೇಲೂ ಇಲ್ಲ. ಹುಡುಗನ ಕೈಯಲ್ಲಿರುವ ಕ್ಯಾಮೆರಾ ಕಡೆ ನೋಡುತ್ತಿದ್ದೇನೆ. ಆ ಫೋಟೋವನ್ನು ಆಲ್ಬಮ್ಮಿಗೆ ಹಾಕಲಾರೆ ಎಂದರೂ ಅಕ್ಕ ಬಿಡಲಿಲ್ಲ.

ಈಗ ಒಂದೇ ಪ್ರಶ್ನೆ ಉಳಿದಿದೆ. 12×36 ಇಂಚಿನ ಹಾಳೆಯ ಆಲ್ಬಮ್ ಮಾಡಿಸುತ್ತಿದ್ದೇವೆ. ಗ್ರೂಪ್ ಫೋಟೋವನ್ನು ಹಾಳೆಯ ಪೂರ್ತಿ ಅಗಲಕ್ಕೆ ಹಾಕಿದರೆ ನಡುವಿನ ಮಡಿಕೆ ಸರಿಯಾಗಿ ಅಮ್ಮನ ಮುಖದ ಮೇಲೆ ಬೀಳುತ್ತದೆ. ಅವರೇ ಮಧ್ಯದಲ್ಲಿ ಕುಳಿತಿದ್ದಾರೆ.

ಕತ್ತಲೆಕೋಣೆ

ಫೋಟೋವನ್ನು ಬಲಕ್ಕೆ ಎರಡಂಗುಲ ಸರಿಸಿ. ಮಡಿಕೆ ಅಮ್ಮನಿಗೂ ಪಕ್ಕದವರಿಗೂ ನಡುವೆ ಬೀಳಲಿ. ಆಗ ಎಡಗಡೆ ಫೋಟೋದಲ್ಲಿ ಹೆಚ್ಚಾಗಿ ಕಾಣುವ ಜಾಗದಲ್ಲಿ ಏನಿದೆ?

ಮಳೆಗಾಲದವನು

ಕೊಟ್ಟಿಗೆಯ ಕಂಬ ಇದೆ. ದೊಡ್ಡದು ಮಾಡಿ ನೋಡಿದೆ, ಕಂಬದ ಹಿಂದೆ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ನಿಂತಿದ್ದಾರೆ, ಸೀರೆಯ ಅಂಚು ಕಾಣುತ್ತದೆ.

ಧಾರವಾಡದ ಪೇಢೆ

ಮುಂದಿನ ಸಲ ಊರಿಗೆ ಹೋದಾಗ ಕ್ಯಾಮೆರಾ ತೆಗೆದುಕೊಂಡು ಹೋಗಿ ಚಿಕ್ಕಮ್ಮನ ಫೋಟೋ ತೆಗೆಯಿರಿ. ಟಾರ್ಪಾಲು ಬಿಚ್ಚಿದ್ದಾರಲ್ಲವೇ?

ಮಳೆಗಾಲದವನು

ಬಿಚ್ಚಿದ್ದಾರೆ. ಈಗ ಅದು ಕಟ್ಟಿಗೆಯ ರಾಶಿಯ ಮೇಲಿದೆ. ಶನಿವಾರ ಹೋಗುತ್ತಿದ್ದೇನೆ.